ಹೂವಿನ ಲೆಕ್ಕ ಕೇಳಿದ ಅಜ್ಜಿ

ಹೋದ ಭಾನುವಾರ ಅಮೆರಿಕದ ಒಹಾಯೊದಲ್ಲಿ ನಮ್ಮ ದೇವಸ್ಥಾನದ ವಾರ್ಷಿಕ ಸಭೆ ಇತ್ತು. ಮಂಗಳಾರತಿ ಆಗಿ, ಬಿಸಿಬೇಳೆಬಾತ್ ಊಟ ಮುಗಿದ ಮೇಲೆ ಖಜಾಂಚಿ ಎದ್ದು ಜಮಾ-ಖರ್ಚು ಓದಿದರು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕೈ ಎತ್ತಿದರು. "ಹೂವಿಗೆ ಇಷ್ಟೊಂದು ಯಾಕಪ್ಪಾ?" ಚಳಿಗಾಲದಲ್ಲಿ ಹೂವು ದೂರದಿಂದ ತರಿಸಬೇಕು ಅಂತ ಖಜಾಂಚಿ ರಸೀದಿ ಕೊಟ್ಟರು. ಅಜ್ಜಿ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಇಡೀ ಸಭೆ ಕಾದಿತ್ತು.

ನಾನು ಹಿರಿಯರ ನಡೆ, ಪೂಜೆ-ಪುನಸ್ಕಾರ ನಂಬುವವನು. ಸ್ನೇಹಿತರು ನನ್ನನ್ನು ಬಲಪಂಥೀಯ ಅಂತಾರೆ, ಹೌದು. ಅವತ್ತು ನನಗೆ ಅರಸೀಕೆರೆ ಹತ್ತಿರದ ನಮ್ಮೂರ ಗುಡಿ ನೆನಪಾಯಿತು. ಅದು ಮುಜರಾಯಿ ಗುಡಿ, ಅಂದರೆ ಸರ್ಕಾರದ ಇಲಾಖೆಯ ಕೆಳಗಿರುವುದು. ಅಲ್ಲಿ ನಮ್ಮಜ್ಜಿ ಒಂದು ದಿನವೂ ಲೆಕ್ಕ ಕೇಳಿದವರಲ್ಲ. ಅರ್ಚಕರು ತಸ್ತೀಕಿಗೆ, ಅಂದರೆ ಪೂಜೆಗೆಂದು ಸರ್ಕಾರ ಕೊಡುವ ಹಣಕ್ಕೆ, ಕಚೇರಿ ಅಲೆಯುತ್ತಿದ್ದುದನ್ನು ಮಾತ್ರ ಚಿಕ್ಕಂದಿನಿಂದ ನೋಡಿದ್ದೇನೆ.

ಕರ್ನಾಟಕದಲ್ಲಿ 30 ಸಾವಿರಕ್ಕೂ ಜಾಸ್ತಿ ದೇವಸ್ಥಾನಗಳು ಮುಜರಾಯಿ ಕೆಳಗಿವೆ. 1997ರ ಕಾಯ್ದೆಯ ಪ್ರಕಾರ 9 ಜನರ ವ್ಯವಸ್ಥಾಪನಾ ಸಮಿತಿ ಇರಬೇಕು. ಅದರಲ್ಲಿ ಅರ್ಚಕರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಜಾಗ ಇದೆ. ಬಹಳ ಒಳ್ಳೆಯದು. ಆದರೆ ಸಮಿತಿಯನ್ನು ನೇಮಿಸುವುದು ಮೇಲಿನವರು, ಆರಿಸುವುದು ಭಕ್ತರಲ್ಲ. 2024ರ ಫೆಬ್ರವರಿಯಲ್ಲಿ ಗಲಾಟೆ ಆಯಿತಲ್ವಾ? 1 ಕೋಟಿ ದಾಟಿದ ಆದಾಯಕ್ಕೆ ಶೇ. 10, ಅದಕ್ಕಿಂತ ಕಡಿಮೆ ಇದ್ದು 10 ಲಕ್ಷ ದಾಟಿದ್ದಕ್ಕೆ ಶೇ. 5 ಸಾಮಾನ್ಯ ನಿಧಿಗೆ ಅನ್ನುವ ಮಸೂದೆ ಪರಿಷತ್ತಿನಲ್ಲಿ ಬಿದ್ದು, ಮತ್ತೆ ವಿಧಾನಸಭೆಯಲ್ಲಿ ಪಾಸಾಯಿತು. ಆ ದುಡ್ಡು ಬಡ ಗುಡಿಗಳಿಗೆ, ಅರ್ಚಕರಿಗೆ ಅಂತ ಸರ್ಕಾರ ಹೇಳಿತು. ನಮ್ಮೂರ ಗುಡಿಗೆ ಅದು ಬೇಕು ಕೂಡ. ಎರಡೂ ಪಕ್ಷದವರು ಶೇಕಡಾ ಎಷ್ಟು ಅಂತಲೇ ಜಗಳ ಆಡಿದರು. ಭಕ್ತರೇ ಸಮಿತಿ ಆರಿಸಲಿ ಅಂತ ಯಾಕೆ ಗಟ್ಟಿಯಾಗಿ ಕೇಳಲಿಲ್ಲ? ನನಗೆ ನೋವಾಗುವುದು ಅಲ್ಲೇ.

ಅಮೆರಿಕದಲ್ಲಿ ಸರ್ಕಾರ ಹುಂಡಿ ಮುಟ್ಟುವುದಿಲ್ಲ. ಹಾಗಂತ ದೇವರನ್ನು ಹೊರಗೂ ಇಟ್ಟಿಲ್ಲ. ಇಲ್ಲಿನ ಸಂಸತ್ತಿನ ಕಲಾಪ ಶುರುವಾಗುವುದೇ ಪ್ರಾರ್ಥನೆಯಿಂದ. 2000ದ ಸೆಪ್ಟೆಂಬರ್ 14ರಂದು ನಮ್ಮದೇ ಒಹಾಯೊದ ಪಾರ್ಮಾ ಶಿವವಿಷ್ಣು ದೇವಸ್ಥಾನದ ಅರ್ಚಕರು ಅಲ್ಲಿ ಪ್ರಾರ್ಥನೆ ಮಾಡಿದರು. ವಾಜಪೇಯಿ ಅವರು ಅಲ್ಲಿ ಭಾಷಣ ಮಾಡಿದ ದಿನವೂ ಅದೇ. 2007ರಲ್ಲಿ ಅದೇ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಹಿಂದೂ ಪ್ರಾರ್ಥನೆ ನಡೆದಾಗ ಮೂವರು ಕೂಗಾಡಿದರು. ಅವರನ್ನು ಹೊರಗೆ ಕರೆದೊಯ್ದರು, ಪ್ರಾರ್ಥನೆ ಪೂರ್ತಿಯಾಯಿತು.

ಒಂದು ವಿಷಯದಲ್ಲಿ ಮಾತ್ರ ಇಲ್ಲಿನ ನನ್ನ ಬಲಪಂಥೀಯ ಸ್ನೇಹಿತರ ಮಾತು ನಾನು ಒಪ್ಪುವುದಿಲ್ಲ. ತೆರಿಗೆ ವಿನಾಯಿತಿ ಪಡೆದ ಚರ್ಚು, ದೇವಸ್ಥಾನಗಳು ಚುನಾವಣೆಯಲ್ಲಿ ಯಾರ ಪರವೂ ಪ್ರಚಾರ ಮಾಡಬಾರದು ಅಂತ 1954ರಿಂದ ಕಾನೂನಿದೆ. ಆದರೆ ಚುನಾವಣೆಯ ಬಗ್ಗೆ ತಮ್ಮ ಭಕ್ತರಿಗೆ ಪೂಜೆಯ ಹೊತ್ತಿನಲ್ಲಿ ಹೇಳಿದರೆ ತಪ್ಪಲ್ಲ ಅಂತ 2025ರ ಜುಲೈನಲ್ಲಿ ತೆರಿಗೆ ಇಲಾಖೆಯೇ ಕೋರ್ಟಿಗೆ ಹೇಳಿತು. ಸ್ನೇಹಿತರು ಖುಷಿಪಟ್ಟರು. ನನಗೆ ಬೇಡ. ತೀರ್ಥಕ್ಕೆ ಕೈ ಚಾಚಿದವನ ಪಕ್ಷ ಯಾವುದು ಅಂತ ಅರ್ಚಕರಿಗೆ ಗೊತ್ತಾಗಲೇಬಾರದು.

ಸರ್ಕಾರ ದೂರ ಇರಲಿ ಅಂದರೆ ಕೆಲಸ ನಮ್ಮ ಮೈಮೇಲೆ ಬರುತ್ತದೆ. ಜನವರಿಯಲ್ಲಿ ಬೆಳಗಿನ ಜಾವ ಬಾಗಿಲ ಮುಂದಿನ ಹಿಮ ಎತ್ತುವವರು ನಾವೇ. ಪಾತ್ರೆ ತೊಳೆಯುವವರೂ ನಾವೇ. ಸುಮ್ನೆ ಹಕ್ಕು ಕೇಳಿದರೆ ಆಗದು.

ರಾತ್ರಿ ಊರಿಗೆ ಫೋನ್ ಮಾಡಿದೆ. "ಗುಡಿ ಲೆಕ್ಕ ಯಾರಾದ್ರೂ ಓದ್ತಾರೇನೋ?" ಅಂತ ತಮ್ಮನನ್ನು ಕೇಳಿದೆ. "ಯಾರೂ ಕೇಳಿಲ್ಲ ಕಣಣ್ಣ" ಅಂದ. ಜಾತ್ರೆ ಮುಗಿದ ಮೇಲೆ ಊರವರನ್ನು ಅರಳಿಕಟ್ಟೆ ಹತ್ತಿರ ಸೇರಿಸು, ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗು ಎಂದೆ. ಚಿಕ್ಕಮ್ಮ ಆಗಲೇ ಫೋನ್ ಕಸಿದುಕೊಂಡಿದ್ದರು. "ಎಣ್ಣೆ ಲೆಕ್ಕ ನಾನೇ ಕೇಳ್ತೀನಿ ಬಿಡೋ" ಅಂದರು.