ಅನುಭವ ಅಪ್‌ಲೋಡ್ ಆಗುತ್ತಿದೆ, ದಯವಿಟ್ಟು ಕಾಯಿರಿ

ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಬಳಿ ಕೆಲಸ ಕಲಿಯಲಿ ಎನ್ನುತ್ತದೆ ದೆಹಲಿಯ 2020ರ ಶಿಕ್ಷಣ ನೀತಿ. ಆ ನೀತಿಯೇ ಒಲ್ಲೆ ಎನ್ನುವ ಬೆಂಗಳೂರಿನಲ್ಲಿ ಚೀಲವಿಲ್ಲದ ದಿನದ ಹೆಸರು ‘ಸಂಭ್ರಮ ಶನಿವಾರ’. ಬೇರೆ ಯಾವುದಕ್ಕೂ ಒಮ್ಮತಕ್ಕೆ ಬಾರದ ಎರಡು ಸರ್ಕಾರಗಳು ಚೀಲ ಬೇಡ ಎಂಬುದಕ್ಕೆ ಮಾತ್ರ ಕೈಕುಲುಕಿವೆ. ನಮ್ಮ ರಾಯಚೂರು ಜಿಲ್ಲೆಯ ಮಕ್ಕಳು ಧನ್ಯರು.

ಅನುಭವ ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಫೋಟೊದಿಂದ. ಒಂದು ಶಾಲೆಯಲ್ಲಿ ಆರನೇ ತರಗತಿ ಹಿಡಿದು ನಿಂತ ಸಸಿಯನ್ನೇ ಏಳನೆಯದೂ ಹಿಡಿಯಿತು, ಎಂಟನೆಯದೂ ಹಿಡಿಯಿತು. ಸಸಿ ಮಾತ್ರ ನೆಲ ಕಾಣಲಿಲ್ಲ. ಮುಖ್ಯಗುರುಗಳು ನೆಟ್‌ವರ್ಕ್ ಹುಡುಕುತ್ತ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿದರು. ಮಕ್ಕಳು ಕೆಳಗೆ ನಿಂತು ನೋಡಿದರು. ಆ ದಿನ ಅವರು ಕಣ್ಣಾರೆ ಕಂಡು ಕಲಿತದ್ದು ಅದೊಂದೇ ಇರಬೇಕು.

ಸುತ್ತೋಲೆ ಎಂದಾಗಲೆಲ್ಲ ನನಗೆ ಮಸ್ಕಿ ನೆನಪಾಗುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಅಲ್ಲಿ ಅಶೋಕನನ್ನು ಕಂಡುಕೊಂಡ. ಅಲ್ಲಿಯವರೆಗೆ ಬರೀ ‘ದೇವಾನಾಂಪ್ರಿಯ’ನಾಗಿದ್ದವನ ಸ್ವಂತ ಹೆಸರನ್ನು ಹೇಳಿದ್ದು ಆ ಬಂಡೆ. ಇದೇ ಶಾಸನದ ಪ್ರತಿಗಳು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿವೆ, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲೂ ಇದೆ. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಿಗೆ ಬಂದ ಮೊದಲ ಸುತ್ತೋಲೆ ಅದು. ಅದರಲ್ಲಿ ಚಕ್ರವರ್ತಿ ಏನೆನ್ನುತ್ತಾನೆ? ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಅದರಲ್ಲಿ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ ಎನ್ನುತ್ತಾನೆ. ಕಲ್ಲಿನಲ್ಲಿ ಕೊರೆಸಿ ಹೇಳುತ್ತಾನೆ! ಇಂಥ ಪ್ರಗತಿ ವರದಿಯನ್ನು ಇಂದು ಕಳಿಸುವ ಧೈರ್ಯ ಯಾವ ಅಧಿಕಾರಿಗಿದೆ? ನಮ್ಮಲ್ಲಿ ಎಲ್ಲವೂ ಶೇ 100. ಹೊರಸಂಚಾರಕ್ಕೆ ಬಸ್ಸಿನ ಬಾಡಿಗೆಗೆ ಮಾತ್ರ ದುಡ್ಡಿಲ್ಲ. ಹಾಗಾಗಿ ಮಸ್ಕಿಯ ಬಂಡೆ ಮಕ್ಕಳಿಗೆ ಮಾಸ್ತರರ ಮೊಬೈಲಿನಲ್ಲಿ ದರ್ಶನ ಕೊಡುತ್ತದೆ, ಅದೂ ಚಾರ್ಜ್ ಇದ್ದರೆ.

ಸಾಧನೆಗೇನೂ ಕೊರತೆಯಿಲ್ಲ. ಪ್ರತಿಭಾ ಕಾರಂಜಿಯ ಛದ್ಮವೇಷ ಸ್ಪರ್ಧೆಯನ್ನು ನೋಡಬೇಕು ನೀವು. ಅಪ್ಪನ ಜೊತೆ ನಿಜವಾಗಿ ಹೊಲಕ್ಕೆ ಹೋಗುವ ಹುಡುಗ ರೈತನ ವೇಷಕ್ಕೆ ಬಾಡಿಗೆ ಕೊಟ್ಟು ರುಮಾಲು, ಥರ್ಮಾಕೋಲಿನ ನೇಗಿಲು ತಂದಿದ್ದ. ಬಹುಮಾನ ಬಂದದ್ದು ಗಗನಯಾತ್ರಿಗೆ. ರೈತನ ಅಭಿನಯದಲ್ಲಿ ಸಹಜತೆ ಸಾಲದು ಎಂದರಂತೆ ತೀರ್ಪುಗಾರರು. ಭಾಗವಹಿಸಿದ್ದಕ್ಕೆ ಪ್ರಮಾಣಪತ್ರವನ್ನೇನೋ ಕೊಟ್ಟರು. ಅದರಲ್ಲಿ ಹುಡುಗನ ಹೆಸರು ತಪ್ಪಾಗಿತ್ತು, ಗಣ್ಯರ ಹೆಸರುಗಳೆಲ್ಲ ಸರಿಯಾಗಿದ್ದವು.

ಮಾಸ್ತರರಿಗೂ ಅನುಭವ ಕಲಿಕೆ ಉಂಟು. 2025ರ ದಸರೆಯಲ್ಲಿ ಅವರು ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಮನೆಮನೆ ಸುತ್ತಿದರು, ಅದು ಮುಗಿಯಲಿಲ್ಲವೆಂದು ಸರ್ಕಾರಿ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು. ಮೊಟ್ಟೆ ಕೊಂಡು ತರುವುದು, ಬೇಯಿಸಿದ್ದನ್ನು ಎಣಿಸುವುದು, ತಿಂದವರ ಲೆಕ್ಕ ಬರೆಯುವುದು, ಇವೆಲ್ಲ ನಿತ್ಯದ ಪ್ರಾಯೋಗಿಕ ತರಗತಿಗಳು.

ಇನ್ನು ನಗುವುದು ಕಷ್ಟ. ಹತ್ತಿ ಬಿಡಿಸುವ ಕಾಲಕ್ಕೆ ಈ ಕಡೆಯ ಹಳ್ಳಿಗಳಲ್ಲಿ ಬೆಳಗ್ಗೆ ನಿಂತು ನೋಡಿ. ಬುತ್ತಿ ಕಟ್ಟಿಕೊಂಡ ಹೆಂಗಸರ ನಡುವೆ ಟಂಟಂ ಗಾಡಿಯಲ್ಲಿ ತುರುಕಿಕೊಂಡು ಹೋಗುವ ಮಕ್ಕಳು ಕಾಣುತ್ತಾರೆ. ಗುಳೆ ಹೋದವರ ಮಕ್ಕಳು ಬೆಂಗಳೂರಿನ ಯಾವುದೋ ಕಟ್ಟಡದ ಬುಡದಲ್ಲಿ ತಮ್ಮ-ತಂಗಿಯರನ್ನು ಕಾಯುತ್ತಿರುತ್ತಾರೆ. ಇವರಿಗೆ ಯಾರ ಬಳಿ ಯಾವ ಕೆಲಸದ ಅನುಭವ ಕೊಡಿಸಲು ಹೊರಟಿದ್ದೀರಿ? ಚೀಲ ಇಳಿಸಲು ಮೊದಲು ಅದು ಅವರ ಹೆಗಲ ಮೇಲೆ ಇರಬೇಕಲ್ಲವೇ?

ಹೀಗೆ ಹತ್ತಿಗೆ ಹೋಗುವ ಏಳನೇ ತರಗತಿಯ ಹುಡುಗಿಯೊಬ್ಬಳ ತಾಯಿಯನ್ನು ಮುಖ್ಯಗುರುಗಳು ದಾರಿಯಲ್ಲಿ ತಡೆದು, “ತಾಯಿ, ಶನಿವಾರವಾದರೂ ಹುಡುಗಿಯನ್ನು ಕಳಿಸು, ಫೋಟೊ ತೆಗೆಯಬೇಕು” ಎಂದರಂತೆ.

“ಕಳಿಸುತ್ತೇನೆ ಸರ್. ಗಣಿತದ ಸರ್ ಬಂದರೇನು?”

ವರ್ಗವಾಗಿ ಹೋದವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ.