ಹೇಳಿ ನಿಲ್ಲಿಸುವ ಎಂಜಿನ್

ಹಗುರ ವಿಮಾನದ ಎಂಜಿನ್ ಆಕಾಶದಲ್ಲಿ ಕೈಕೊಟ್ಟರೆ ಇಳಿಯುವುದು ಹೇಗೆಂದು ಎಲ್ಲ ತರಬೇತಿಗಳಲ್ಲೂ ಕಲಿಸುತ್ತಾರೆ. ಕಲಿಸುವ ರೀತಿಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಸುಮಾರು 3000 ಅಡಿ ಎತ್ತರದಲ್ಲಿ, ಇಬ್ಬರಿಗೂ ಚೆನ್ನಾಗಿ ಗೊತ್ತಿರುವ ಬಯಲೊಂದು ಕೆಳಗಿರುವಾಗ, ತರಬೇತುದಾರರು ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಹಿಡಿ, ಅಂದರೆ ಥ್ರಾಟಲ್ ಹಿಂದಕ್ಕೆಳೆದು ‘ಎಂಜಿನ್ ಹೋಯಿತು’ ಎನ್ನುತ್ತಾರೆ. ವಿದ್ಯಾರ್ಥಿ ಮಗ್ಗಿ ಒಪ್ಪಿಸುವಂತೆ ಎಲ್ಲವನ್ನೂ ಹೇಳುತ್ತಾ ಇಳಿಯತೊಡಗುತ್ತಾನೆ, ನೆಲ ಹತ್ತಿರವಾಗುವ ಮೊದಲೇ ಥ್ರಾಟಲ್ ಮತ್ತೆ ಮುಂದಕ್ಕೆ ಹೋಗುತ್ತದೆ, ಪಾಠ ಮುಗಿಯುತ್ತದೆ.

ಎಂಜಿನ್ ನಿಂತ ಮೇಲೂ ಸೆಸ್ನಾ 172ರಂಥ ನಾಲ್ಕು ಸೀಟಿನ ಹಗುರ ವಿಮಾನ ಸುಮಾರು 65 ನಾಟ್ (ಗಂಟೆಗೆ ಸುಮಾರು 120 ಕಿಲೋಮೀಟರ್) ವೇಗ ಕಾಯ್ದುಕೊಂಡರೆ, ಒಂದು ಅಡಿ ಇಳಿಯುವಷ್ಟರಲ್ಲಿ ಒಂಬತ್ತು ಅಡಿಯಷ್ಟು ಮುಂದಕ್ಕೆ ತೇಲುತ್ತದೆ. ಹೀಗಾಗಿ 3000 ಅಡಿಯಿಂದ ನಾಲ್ಕು ನಿಮಿಷ ಸಿಗುತ್ತದೆ. ಜಾಗ ಆರಿಸಲು, ಇಂಧನದ ಸ್ವಿಚ್, ಇಂಧನ-ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್, ಕಿಡಿ ಹೊತ್ತಿಸುವ ಮ್ಯಾಗ್ನೆಟೊಗಳನ್ನು ನೋಡಲು, ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಮಂಜು ಕಟ್ಟಿರಬಹುದೆಂದು ಬಿಸಿಗಾಳಿ ಹಾಯಿಸಲು, ರೇಡಿಯೋದಲ್ಲಿ ‘ಮೇಡೇ’ ಎಂಬ ಅಪಾಯದ ಕರೆ ಕೂಗಲು ಅದು ಸಾಕು. ಅದೇ ಎಂಜಿನ್ ರನ್‌ವೇ ಬಿಟ್ಟು 400 ಅಡಿ ಏರುವಷ್ಟರಲ್ಲಿ ನಿಂತರೆ ಉಳಿಯುವುದು ಅರ್ಧ ನಿಮಿಷ. ಆಗ ವಿಮಾನದ ಮೂತಿ ಮೇಲಕ್ಕಿರುತ್ತದೆ, ವೇಗ ನೋಡನೋಡುತ್ತಲೇ ಕುಸಿಯುತ್ತದೆ, ನೆಲವನ್ನು ಕಂಡು ಬೆಚ್ಚಿದ ಕೈ ಕಂಟ್ರೋಲನ್ನು ತನ್ನತ್ತ ಎಳೆಯಲು ಹವಣಿಸುತ್ತದೆ. ಆ ಕೈಯನ್ನು ತಡೆದು ಮೂತಿಯನ್ನು ತಕ್ಷಣ ಕೆಳಗೆ ಮಾಡುವುದೇ ಮೊದಲ ಕೆಲಸ, ಉಳಿದುದೆಲ್ಲ ಆಮೇಲಿನದು.

ಬೆನ್ನ ಹಿಂದಿರುವ ರನ್‌ವೇಯ ಆಸೆ ಇದಕ್ಕಿಂತ ಅಪಾಯಕಾರಿ. ಅಲ್ಲಿಗೆ ಮರಳಲು 180 ಡಿಗ್ರಿ ತಿರುಗಿದರೆ ಸಾಲದು. ತಿರುವಿನಲ್ಲಿ ವಿಮಾನ ಪಕ್ಕಕ್ಕೆ ಸರಿದಿರುವುದರಿಂದ ರನ್‌ವೇಯ ಸಾಲಿಗೆ ಬರಲು ಇನ್ನಷ್ಟು ತಿರುಗಬೇಕು. 45 ಡಿಗ್ರಿ ವಾಲಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದೆ ಹೋಗುವ ವೇಗ ಸುಮಾರು 19 ಶೇಕಡಾ ಏರುತ್ತದೆ, ಟೇಕಾಫ್‌ಗೆ ಎದುರಿದ್ದ ಗಾಳಿ ಈಗ ಹಿಂದಿನಿಂದ ತಳ್ಳುತ್ತದೆ. ಮುಂದೆ ಕಾಣುವ ಬೇಲಿಯೋ ಪೊದೆಯೋ ವಿಮಾನವನ್ನು ಜಖಂಗೊಳಿಸಬಹುದು, ಒಳಗಿರುವವರು ಬದುಕುವ ಸಾಧ್ಯತೆ ಮಾತ್ರ ಅಲ್ಲಿಯೇ ಹೆಚ್ಚು. 9 ಜಿ, ಅಂದರೆ ಗುರುತ್ವದ ಒಂಬತ್ತು ಪಟ್ಟು ಬಲದಲ್ಲಿ ಒಂದೇ ಸಮನೆ ನಿಧಾನವಾಗುವುದಾದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದ ವಿಮಾನಕ್ಕೆ ನಿಲ್ಲಲು ಸುಮಾರು ಮೂರು ಮೀಟರ್ ಸಾಕು, ವೇಗ ಇಮ್ಮಡಿಯಾದರೆ ಅದರ ನಾಲ್ಕು ಪಟ್ಟು ಬೇಕು. ವಿಮಾನ ಉಳಿಸಲು ಹೋಗಿ ಜೀವ ಕಳೆದುಕೊಳ್ಳುವ ಲೆಕ್ಕಾಚಾರ ನನಗೆ ಎಂದೂ ಅರ್ಥವಾಗಿಲ್ಲ.

ಅಭ್ಯಾಸದಲ್ಲಿ ಮತ್ತೊಂದು ಮೋಸವೂ ಇದೆ. ಥ್ರಾಟಲ್ ಇಳಿಸಿದರೂ ಎಂಜಿನ್ ಮಂದವಾಗಿ ಓಡುತ್ತಲೇ ಇರುತ್ತದೆ. ನಿಜವಾಗಿ ಸತ್ತ ಎಂಜಿನ್ನಿನ ಪ್ರೊಪೆಲರ್ ಗಾಳಿಗೆ ತಿರುಗುತ್ತಾ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ, ಇಳಿಜಾರು ಕಡಿದಾಗುತ್ತದೆ. ಕೊನೆಯ ಕ್ಷಣದ ಕೆಲಸಗಳಂತೂ ಬಾಯಿಮಾತಿನಲ್ಲೇ ಕಳೆದುಹೋಗುತ್ತವೆ. ಹೆಚ್ಚಿನ ಸೆಸ್ನಾ 172ಗಳಲ್ಲಿ ಫ್ಲ್ಯಾಪ್, ಅಂದರೆ ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಸುವ ಪಟ್ಟಿ, ವಿದ್ಯುತ್ತಿನಿಂದ ಚಲಿಸುವುದರಿಂದ ಅದನ್ನು ಪೂರ್ತಿ ಇಳಿಸಿದ ಮೇಲೆಯೇ ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಆಫ್ ಮಾಡಬೇಕು. ಚೌಕಟ್ಟು ಬಾಗಿ ಬಾಗಿಲು ಸಿಕ್ಕಿಕೊಳ್ಳಬಾರದೆಂದು ಚಿಲಕವನ್ನು ಮೊದಲೇ ತೆಗೆದಿಡಬೇಕು. ಈ ಅನುಕ್ರಮ ಕೈಗೆ ರೂಢಿಯಾಗುವವರೆಗೆ ನಿಂತ ವಿಮಾನದಲ್ಲಾದರೂ ಮಾಡಿಸಬೇಕು.

ಎಂಜಿನ್ನನ್ನು ಹೇಳದೆ ನಿಲ್ಲಿಸುವ ಪಾಠವೂ ಬೇಕು, ಅದು ಸಾಕಷ್ಟು ಎತ್ತರದಲ್ಲೇ ನಡೆಯಲಿ. ಏರುತ್ತಿರುವ ಭಂಗಿಯಲ್ಲೇ ತರಬೇತುದಾರರು ಥ್ರಾಟಲ್ ಎಳೆಯಲಿ, ಬೆಚ್ಚಿಬೀಳುವ ನಾಲ್ಕೈದು ಸೆಕೆಂಡು ಕಳೆದ ಮೇಲೆ ವಿದ್ಯಾರ್ಥಿಯೇ ವಿಮಾನವನ್ನು ಹಿಂದಕ್ಕೆ ತಿರುಗಿಸಿ, ಎಷ್ಟು ಅಡಿ ಕಳೆಯಿತೆಂದು ಎತ್ತರ ತೋರಿಸುವ ಆಲ್ಟಿಮೀಟರಿನಲ್ಲಿ ಓದಿಕೊಳ್ಳಲಿ. ಆ ಅಂಕಿಗೆ ಇನ್ನಷ್ಟು ಸೇರಿಸಿ, ಇದಕ್ಕಿಂತ ಕೆಳಗಿದ್ದರೆ ನೇರವಾಗಿಯೇ ಇಳಿಯುತ್ತೇನೆಂದು ಪ್ರತಿ ಟೇಕಾಫ್‌ಗೂ ಮುನ್ನ ಗಟ್ಟಿಯಾಗಿ ಹೇಳಿಸಬೇಕು.