ಸರ್ಜರಿಗೆ ಹೋಗಿ ಬಂದೆ, ಅವ್ವ ಹರಕೆ ಹೊತ್ತಳು

ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೊದಲ ವಾರ. ಬಾಡಿಗೆ ಮನೆಯ ಓನರ್ ಫೋನ್ ಮಾಡಿ, 'ಮೊದಲು ಹತ್ತಿರದ ಸರ್ಜರಿಗೆ ಹೋಗಿ ಹೆಸರು ಬರೆಸಿ' ಅಂದರು. ಎದೆ ಧಸಕ್ ಅಂದಿತು. ಗಟ್ಟಿಮುಟ್ಟಾಗಿರುವ ಮನುಷ್ಯ ಸರ್ಜರಿಗೆ ಯಾಕೆ ಹೆಸರು ಬರೆಸಬೇಕು? ಹೋಗಿ ನೋಡಿದರೆ ಅದು ನಾಲ್ಕು ಜನ ಡಾಕ್ಟರು ಕೂರುವ ಸಾದಾ ಕ್ಲಿನಿಕ್. ನಮ್ಮ ಕಡೆ ಹಳಬರು 'ಡಾಕ್ಟ್ರ ಶಾಪು' ಅಂತಾರಲ್ಲ, ಅದೇ.

ಅವತ್ತು ರಾತ್ರಿ ದಾವಣಗೆರೆಗೆ ಫೋನ್ ಮಾಡಿದಾಗ ಹೊಸ ಇಂಗ್ಲಿಷ್ ತೋರಿಸುವ ಹುಮ್ಮಸ್ಸಿನಲ್ಲಿ 'ಸರ್ಜರಿಗೆ ಹೋಗಿ ಬಂದೆ' ಅಂದುಬಿಟ್ಟೆ. ಆ ಕಡೆ ಸದ್ದೇ ಇಲ್ಲ. 'ಏನಾತಪ್ಪಾ?' ಅಂತ ಅವ್ವ ಕೇಳಿ, ನಾನು ವಿವರ ಹೇಳಿ ಮುಗಿಸುವುದರೊಳಗೆ ದುಗ್ಗಮ್ಮನಿಗೆ ಹರಕೆ ಹೊತ್ತಾಗಿತ್ತು. ಹೊತ್ತ ಮೇಲೆ ತೀರಿಸಲೇಬೇಕು. ಆಗದ ಆಪರೇಷನ್ನಿಗೆ ಒಂದು ಸೀರೆ ಖರ್ಚಾಯಿತು.

ಇದಾಗಿ ಹನ್ನೊಂದು ವರ್ಷ. ಈಗಲೂ ಊರಿಗೆ ಹೋದಾಗ ಯಾರಾದರೂ ಮಗನನ್ನೋ ಮಗಳನ್ನೋ ಕರೆದುಕೊಂಡು ಬರುತ್ತಾರೆ. 'ಇಂಗ್ಲೆಂಡಿಗೆ ಹೊರಟಿದಾನೆ, ಇಂಗ್ಲಿಷ್ ಸ್ವಲ್ಪ ಸುಧಾರಿಸ್ಬೇಕು, ಯಾವ ಕ್ಲಾಸಿಗೆ ಹಾಕೋಣ?' ಅಂತ ಕೇಳುತ್ತಾರೆ. ಆ ಹುಡುಗರ ಇಂಗ್ಲಿಷ್ ಚೆನ್ನಾಗಿಯೇ ಇರುತ್ತದೆ. ಗ್ರಾಮರ್ ಇಲ್ಲಿನ ಹುಡುಗರಿಗಿಂತ ವಾಸಿ. ಅವರಿಗೆ ಗೊತ್ತಿಲ್ಲದಿರುವುದು ಆ ಪದಗಳ ಹಿಂದೆ ಇರುವ ಮನೆ, ಬೀದಿ, ಕಚೇರಿ. ಅದನ್ನು ಯಾವ ಕೋಚಿಂಗ್ ಕ್ಲಾಸೂ ಹೇಳಿಕೊಡುವುದಿಲ್ಲ.

ಸರ್ಜರಿಯನ್ನೇ ತಗೊಳ್ಳಿ. ಡಾಕ್ಟರು ಕೂರುವ ಜಾಗವೂ ಸರ್ಜರಿ, ಹೊಟ್ಟೆ ಕೊಯ್ಯುವುದೂ ಸರ್ಜರಿ. ಸಾಲದ್ದಕ್ಕೆ ಇಲ್ಲಿನ ಎಂಪಿ ತನ್ನ ಕ್ಷೇತ್ರದಲ್ಲಿ ಕೂತು ಜನರ ಅಹವಾಲು ಕೇಳುವುದಕ್ಕೂ ಸರ್ಜರಿ ಅಂತಲೇ ಹೆಸರು. ಅಪಾಯಿಂಟ್‌ಮೆಂಟ್ ತಗೊಂಡು ಹೋದರೆ ಲೈಬ್ರರಿಯಲ್ಲೋ ಚರ್ಚಿನ ಹಾಲಿನಲ್ಲೋ ಎದುರಿಗೆ ಕೂತು ಮಾತಾಡಬಹುದು. ಹಾರವಿಲ್ಲ, ಹಿಂದೆ ಮುಂದೆ ಕಾರಿಲ್ಲ. ಇನ್ನೊಂದು ತಮಾಷೆ: ನಿಜವಾಗಿ ಆಪರೇಷನ್ ಮಾಡುವ ಸರ್ಜನ್‌ಗೆ ಇಲ್ಲಿ ಡಾಕ್ಟರ್ ಅನ್ನುವುದಿಲ್ಲ, ಮಿಸ್ಟರ್ ಅಥವಾ ಮಿಸ್ ಅನ್ನುತ್ತಾರೆ. ಸರ್ಜನ್‌ಗಳು ಹಿಂದೆ ಕ್ಷೌರಿಕರ ಜೊತೆ ಒಂದೇ ಸಂಘದಲ್ಲಿದ್ದ ಕಾಲದ ಪಳೆಯುಳಿಕೆ ಅದು. ಡಾಕ್ಟರ್ ಅಂತ ಕರೆದು ನಾನೊಮ್ಮೆ ಸಣ್ಣ ನಗು ಗಿಟ್ಟಿಸಿದ್ದೇನೆ.

ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. 1948ರ ಜುಲೈ 5ಕ್ಕೆ ಶುರುವಾದ ವ್ಯವಸ್ಥೆ. ಆರೋಗ್ಯ ಮಂತ್ರಿಯಾಗಿದ್ದ ಅನೈರಿನ್ ಬೆವನ್ ವೇಲ್ಸ್‌ನ ಕಲ್ಲಿದ್ದಲು ಗಣಿ ಕೆಲಸಗಾರನ ಮಗ, ಹದಿಮೂರಕ್ಕೇ ತಾನೂ ಗಣಿಗೆ ಇಳಿದವನು. ಚಿಕಿತ್ಸೆಯ ಹೊತ್ತಿಗೆ ದುಡ್ಡು ಕೇಳಬಾರದು ಅನ್ನುವುದು ಇದರ ಬುನಾದಿ. ನಮ್ಮ ಮಗಳು ಹುಟ್ಟಿದಾಗ ಮೂರನೇ ದಿನ ಮನೆಗೆ ಹೋಗಬಹುದು ಅಂದರು. ನಾನು ಕಾರ್ಡ್ ಕೈಯಲ್ಲಿ ಹಿಡಿದು ಬಿಲ್ ಕೌಂಟರ್ ಹುಡುಕುತ್ತಾ ಎರಡು ಮಹಡಿ ಸುತ್ತಿದೆ. ಬಿಲ್ ಕೌಂಟರ್ ಇರಲಿಲ್ಲ. ಪಾರ್ಕಿಂಗ್ ಮೆಷಿನ್ ಮಾತ್ರ ಬಿಡದೆ ದುಡ್ಡು ಕಿತ್ತುಕೊಂಡಿತು.

ಹಾಗಂತ ಪುಕ್ಕಟೆ ಅಂದುಕೊಳ್ಳಬೇಡಿ. ನಮ್ಮಂಥವರು ವೀಸಾದ ಜೊತೆಗೇ ಆರೋಗ್ಯದ ಸರ್‌ಚಾರ್ಜ್ ಕಟ್ಟಬೇಕು. 2024ರಿಂದ ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್. ಮೂರು ವರ್ಷದ ವೀಸಾ ಆದರೆ ಮೂರು ವರ್ಷದ್ದೂ ಮೊದಲೇ. ಜೊತೆಗೆ ಕಾಯುವ ಕಷ್ಟ. ಮೊಣಕಾಲು ನೋವು ಅಂತ ನೇರವಾಗಿ ಮೂಳೆ ಡಾಕ್ಟರ ಹತ್ತಿರ ಹೋಗುವ ಹಾಗಿಲ್ಲ. ಬೆಳಗ್ಗೆ ಎಂಟಕ್ಕೆ ಸರ್ಜರಿಗೆ ಫೋನ್ ಹಚ್ಚಬೇಕು. 'ಕ್ಯೂನಲ್ಲಿ ನೀವು ಹದಿನಾಲ್ಕನೆಯವರು' ಅನ್ನುತ್ತದೆ ಮೆಷಿನ್. ನಂಬರ್ ಬಂದರೆ ಜಿಪಿ, ಅಂದರೆ ಸರ್ಜರಿಯಲ್ಲಿ ಕೂರುವ ಸಾಮಾನ್ಯ ಡಾಕ್ಟರು, ನೋಡುತ್ತಾರೆ. ಅವರಿಗೆ ಬೇಕು ಅನ್ನಿಸಿದರೆ ಮುಂದಕ್ಕೆ ಬರೆದುಕೊಡುತ್ತಾರೆ. ಅಲ್ಲಿಂದ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಗುರಿ. ಗುರಿ ತಪ್ಪುವುದು ಈಗ ಮಾಮೂಲು. ದಾವಣಗೆರೆಯಲ್ಲಾದರೆ ಬೆಳಗ್ಗೆ ಸ್ಕ್ಯಾನ್, ಸಂಜೆ ರಿಪೋರ್ಟ್, ಮಧ್ಯೆ ಒಂದು ಬೆಣ್ಣೆ ದೋಸೆ. ಆದರೆ ಪರ್ಸ್ ಗಟ್ಟಿ ಇರಬೇಕು. ನನ್ನ ಕಾಲು ನೋವಿಗೆ ದಾವಣಗೆರೆ, ಹೆರಿಗೆಗೆ ಲೀಡ್ಸ್ ಅಂತ ನಾನು ತೀರ್ಮಾನ ಮಾಡಿಕೊಂಡಿದ್ದೇನೆ. ನನ್ನ ಹೆಂಡತಿ ಇಲ್ಲೇ ಆಸ್ಪತ್ರೆಯಲ್ಲಿ ನರ್ಸ್. ಅವಳ ಮುಂದೆ ಇದನ್ನು ಜೋರಾಗಿ ಹೇಳುವುದಿಲ್ಲ.

ಇನ್ನು ಮಾತು. ಇಲ್ಲಿ ಸಿಕ್ಕವರೆಲ್ಲ 'ಯೂ ಆಲ್‌ರೈಟ್?' ಅನ್ನುತ್ತಾರೆ. ಮೊದಮೊದಲು ನಾನು ನಿಂತು, ಬೆನ್ನು ನೋವು, ನಿದ್ದೆ ಸರಿ ಇಲ್ಲ ಅಂತ ವರದಿ ಒಪ್ಪಿಸುತ್ತಿದ್ದೆ. ಪಾಪ, ಕೇಳಿದವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ಅದು ನಮ್ಮ 'ಊಟ ಆಯ್ತಾ?' ಇದ್ದ ಹಾಗೆ ಅಂತ ಯಾರೂ ಹೇಳಿರಲಿಲ್ಲ. ಊಟ ಆಯ್ತಾ ಅಂದವರಿಗೆ ನಾವು ಸಾರು ಪಲ್ಯದ ಲೆಕ್ಕ ಕೊಡುತ್ತೇವಾ?

ಆಫೀಸಿನಲ್ಲಿ ಮೊದಲ ವರ್ಷದ ರಿಪೋರ್ಟಿನಲ್ಲಿ ಮ್ಯಾನೇಜರ್ ನನ್ನ ಕೆಲಸ 'ಕ್ವೈಟ್ ಗುಡ್' ಅಂತ ಬರೆದಿದ್ದರು. ನಾನು ಶಾಲೆಯಲ್ಲಿ ಕಲಿತ ಪ್ರಕಾರ ಅದು ಬಹಳ ಚೆನ್ನಾಗಿದೆ ಅಂತ. ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿಸಿದೆ. ಆಮೇಲೆ ಗೊತ್ತಾಯಿತು, ಇಲ್ಲಿ ಅದರ ಅರ್ಥ 'ಏನೋ, ನಡೀತದೆ' ಅಂತ. ನಿಜವಾಗಿ ಮೆಚ್ಚಿದರೆ 'ನಾಟ್ ಬ್ಯಾಡ್' ಅನ್ನುತ್ತಾರೆ! ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಏನಿದೆ? ನಾನು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ನಮ್ಮಪ್ಪ ಅಂದದ್ದು ಒಂದೇ ಮಾತು, 'ಪರವಾಗಿಲ್ಲ'. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಇರಲಿಲ್ಲ. 'ಐ ವಿಲ್ ಬೇರ್ ಇಟ್ ಇನ್ ಮೈಂಡ್' ಅಂದರೆ ನಮ್ಮ ಹಿರಿಯರ 'ನೋಡೋಣ'. ಅಂದರೆ ಆಗಲ್ಲ ಅಂತ. ಬ್ರಿಟಿಷರು ಬಾಯಿಬಿಟ್ಟು ಹೇಳುವುದಿಲ್ಲ, ಒಳಗೊಂದು ಹೊರಗೊಂದು ಅಂತ ನಮ್ಮವರು ದೂರುತ್ತಾರೆ. ನನಗೇನೋ ಈ ವಿಷಯದಲ್ಲಿ ಅವರು ನಮ್ಮ ಬೀಗರ ಹಾಗೇ ಕಾಣುತ್ತಾರೆ.

ಊಟದ ಹೆಸರುಗಳದ್ದು ಬೇರೆಯೇ ಗೋಳು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು 'ಶನಿವಾರ ಟೀಗೆ ಬನ್ನಿ' ಅಂದರು. ಬಿಸ್ಕತ್ತು ಚಹಾ ಇರಬಹುದು ಅಂತ ಉಪ್ಪಿಟ್ಟು ತಿಂದು ಐದೂವರೆಗೆ ಹೋದೆವು. ಮೇಜಿನ ತುಂಬ ಊಟ! ಲೀಡ್ಸ್ ಇರುವ ಈ ಯಾರ್ಕ್‌ಷೈರ್ ಸೀಮೆಯಲ್ಲಿ ಬಹಳ ಮನೆಗಳಲ್ಲಿ ಟೀ ಅಂದರೆ ಸಂಜೆಯ ಊಟ, ಡಿನ್ನರ್ ಅಂದರೆ ಮಧ್ಯಾಹ್ನದ್ದು. ಲಂಡನ್ ಕಡೆಯ ಅನುಕೂಲಸ್ಥರಿಗೆ ಡಿನ್ನರ್ ರಾತ್ರಿಗೆ. ಇನ್ನೂ ಮೇಲಿನವರು ಮನೆಯಲ್ಲಿ ಸುಮ್ನೆ ಉಣ್ಣುವುದಕ್ಕೆ ಸಪ್ಪರ್ ಅನ್ನುತ್ತಾರೆ. ಯಾವ ಊಟಕ್ಕೆ ಯಾವ ಹೆಸರು ಹೇಳುತ್ತೀರಿ ಅನ್ನುವುದರಲ್ಲೇ ನೀವು ಯಾವ ವರ್ಗದವರು ಅಂತ ತಿಳಿದುಹೋಗುತ್ತದೆ. ನಮ್ಮಲ್ಲಿ 'ಯಾವ ಊರು? ಯಾರ ಪೈಕಿ?' ಅಂತ ನೇರವಾಗಿ ವಿಚಾರಿಸುತ್ತಾರೆ. ಇಲ್ಲಿ ಹಾಗೆ ಕೇಳಿದರೆ ಒರಟುತನ. ನಾವು ಕೇಳಿ ತಿಳಿದುಕೊಳ್ಳುತ್ತೇವೆ, ಇವರು ಕೇಳಿಸಿಕೊಂಡು ತಿಳಿದುಕೊಳ್ಳುತ್ತಾರೆ. ತಿಳಿದುಕೊಳ್ಳುವ ಚಪಲ ಎರಡೂ ಕಡೆ ಅಷ್ಟೇ.

ಪಬ್ಲಿಕ್ ಸ್ಕೂಲ್ ಅನ್ನುವ ಪದ ಇದಕ್ಕೆಲ್ಲ ಕಿರೀಟ. ಅದು ಸಾರ್ವಜನಿಕರ ಶಾಲೆ ಅಲ್ಲ, ಭಾರಿ ಫೀಸಿನ ಹಳೇ ಖಾಸಗಿ ಶಾಲೆ. 1440ರಲ್ಲಿ ರಾಜ ಆರನೇ ಹೆನ್ರಿ ಬಡ ಹುಡುಗರಿಗೆ ಅಂತ ಕಟ್ಟಿಸಿದ ಈಟನ್ ಈಗ ಪ್ರಧಾನಿಗಳನ್ನು ತಯಾರಿಸುವ ಜಾಗ. ದಾವಣಗೆರೆಯಲ್ಲೂ ಎಷ್ಟೋ ಖಾಸಗಿ ಶಾಲೆಗಳ ಬೋರ್ಡಿನ ಮೇಲೆ ಪಬ್ಲಿಕ್ ಸ್ಕೂಲ್ ಅಂತ ಯಾಕಿದೆ ಅಂತ ನನಗೆ ಅರ್ಥವಾಗಿದ್ದು ಇಲ್ಲಿಗೆ ಬಂದ ಮೇಲೆ.

ಇಲ್ಲೇ ನೆಲೆಸಬೇಕು ಅನ್ನುವವರಿಗೆ ಸರ್ಕಾರ 2007ರಿಂದ ಒಂದು ಪರೀಕ್ಷೆ ಇಟ್ಟಿದೆ, 'ಲೈಫ್ ಇನ್ ದಿ ಯುಕೆ' ಅಂತ. 24 ಪ್ರಶ್ನೆ, 45 ನಿಮಿಷ, 18 ಸರಿ ಇದ್ದರೆ ಪಾಸು, ಫೀಸು 50 ಪೌಂಡ್. ಬಾಯಿಪಾಠದಲ್ಲಿ ನಮ್ಮನ್ನು ಮೀರಿಸುವವರುಂಟೇ? ಎಂಟನೇ ಹೆನ್ರಿಯ ಆರು ಹೆಂಡಿರನ್ನೂ ಕ್ರಮವಾಗಿ ಹೇಳಬಲ್ಲೆ. 1215ರ ಮ್ಯಾಗ್ನಾ ಕಾರ್ಟಾ, 1707ರಲ್ಲಿ ಸ್ಕಾಟ್ಲೆಂಡ್ ಕೂಡಿಕೊಂಡಿದ್ದು, ಎಲ್ಲ ಉರು ಹೊಡೆದೆ. ಆದರೆ ಕಸದ ಡಬ್ಬಿಗಳಲ್ಲಿ ಕಪ್ಪು ಬಿನ್ ಯಾವ ವಾರ, ಹಸಿರು ಬಿನ್ ಯಾವ ವಾರ ಹೊರಗಿಡಬೇಕು ಅಂತ ಪುಸ್ತಕದಲ್ಲಿರಲಿಲ್ಲ. ಮನೆ ಕಂದಾಯವನ್ನು ಇಲ್ಲಿ ಬಾಡಿಗೆದಾರನೇ ಕಟ್ಟಬೇಕು ಅನ್ನುವುದೂ ಗೊತ್ತಿರಲಿಲ್ಲ. ಕೌನ್ಸಿಲ್ ಟ್ಯಾಕ್ಸ್ ಕಾಗದ ಬಂದಾಗ 'ನಿಮ್ಮ ಕಂದಾಯ ಬಂದಿದೆ' ಅಂತ ಓನರಿಗೆ ಫೋನ್ ಮಾಡಿದ ಮಹಾನುಭಾವ ನಾನು. ಬಿನ್ ವಿಷಯ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ನಾನು ತಪ್ಪು ಬಿನ್ ಎಳೆದುಕೊಂಡು ಹೊರಟಾಗ ಆಕೆ ಮೆಲ್ಲಗೆ, 'ಈ ವಾರ ಹಸಿರು ಇರಬಹುದೇನೋ' ಅಂದರು. ನಲವತ್ತು ವರ್ಷದಿಂದ ಅದೇ ಬೀದಿಯಲ್ಲಿದ್ದವರಿಗೆ 'ಇರಬಹುದೇನೋ'!

ಈ ದೇಶದ ಸಂವಿಧಾನವೂ ಆ ಅಜ್ಜಿಯ ಹಾಗೆಯೇ. ನಮ್ಮಲ್ಲಿ 1949ರಲ್ಲೇ 395 ವಿಧಿಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟರು. ಇವರ ಹತ್ತಿರ ಹಾಗೆ ಒಂದು ಪುಸ್ತಕವೇ ಇಲ್ಲ. ಒಂದಿಷ್ಟು ಹಳೇ ಕಾಯ್ದೆ, ಒಂದಿಷ್ಟು ತೀರ್ಪು, ಉಳಿದದ್ದು ರೂಢಿ. ಪಬ್‌ನಲ್ಲೂ ಹಾಗೇ: ಕೌಂಟರಿನ ಮುಂದೆ ಸಾಲು ಇರುವುದಿಲ್ಲ, ಆದರೆ ಯಾರ ನಂತರ ಯಾರು ಅಂತ ಎಲ್ಲರಿಗೂ ಗೊತ್ತು. ಗುಂಪಿನಲ್ಲಿ ಹೋದರೆ ಸರದಿ ಪ್ರಕಾರ ಒಬ್ಬೊಬ್ಬರು ಎಲ್ಲರಿಗೂ ಕೊಡಿಸಬೇಕು. ನಾನು ಕುಡಿಯುವುದಿಲ್ಲ, ಕಿತ್ತಳೆ ಜ್ಯೂಸಿನವನು. ನನ್ನ ಸರದಿ ಇಲ್ಲ ಅಂತ ಆರು ತಿಂಗಳು ಆರಾಮಾಗಿ ಕೂತಿದ್ದೆ. ಯಾರೂ ಏನೂ ಅನ್ನಲಿಲ್ಲ. ಅದೇ ತಪ್ಪು ನೋಡಿ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗೊತ್ತಿಲ್ಲದವನಿಗೆ ಹೇಳದೆ, ಒಳಗೊಳಗೇ ಮಾರ್ಕ್ಸ್ ಕಳೆಯುವುದು ಯಾವ ಸೀಮೆ ಸಭ್ಯತೆ? ನಮ್ಮಲ್ಲಾದರೆ 'ಏ, ಇವತ್ತು ಬಿಲ್ ನಿಂದು' ಅಂತ ಹೆಗಲ ಮೇಲೆ ಒಂದು ಹಾಕುತ್ತಿದ್ದರು.

ಒಂದು ವಿಷಯ ಮಾತ್ರ ನನ್ನನ್ನು ನಿಜವಾಗಿ ಬೆರಗುಗೊಳಿಸಿತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನು ಇಲ್ಲಿ ಪಾರ್ಲಿಮೆಂಟಿಗೆ ವೋಟು ಹಾಕಬಹುದು. ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ. ಬಹಳ ಜನ ಕನ್ನಡಿಗರಿಗೆ ಇದು ಗೊತ್ತೇ ಇಲ್ಲ. 2024ರ ಜುಲೈ 4, ಗುರುವಾರ. ಇಲ್ಲಿ ಚುನಾವಣೆ ರೂಢಿಯಂತೆ ಗುರುವಾರವೇ, ರಜೆ ಕೊಡುವುದಿಲ್ಲ. ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಮತಗಟ್ಟೆ ತೆರೆದಿರುತ್ತದೆ. ಚರ್ಚಿನ ಹಾಲು, ದಾರ ಕಟ್ಟಿದ ಪೆನ್ಸಿಲ್ಲು, ಒಂದು ಕಾಗದ. ಮೆಷಿನ್ ಇಲ್ಲ, ಪೊಲೀಸ್ ಇಲ್ಲ. ಬೆರಳು ಮುಂದೆ ಚಾಚಿದೆ, ಶಾಯಿಯೂ ಇಲ್ಲ. ಒಬ್ಬರು ನಾಯಿಯನ್ನೂ ಕರೆತಂದಿದ್ದರು.

ಆಗ ಪ್ರಧಾನಿ ರಿಷಿ ಸುನಕ್, ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಗಂಡ, ಹಾಗಾಗಿ ನಮ್ಮವರ ಪಾಲಿಗೆ ಅಳಿಯ. ಅವರ ಕ್ಷೇತ್ರ ನಮ್ಮ ಉತ್ತರಕ್ಕೆ, ಅದೂ ಯಾರ್ಕ್‌ಷೈರೇ. ರಾತ್ರಿ ಫಲಿತಾಂಶ ಘೋಷಿಸುವಾಗ ಗೆದ್ದವರು ಸೋತವರು ಎಲ್ಲರೂ ಒಂದೇ ವೇದಿಕೆಯ ಮೇಲೆ ಸಾಲಾಗಿ ನಿಲ್ಲುವುದು ರೂಢಿ. ಆ ಸಾಲಿನಲ್ಲಿ ಪ್ರಧಾನಿಯ ಜೊತೆಗೇ ತಲೆಗೆ ಕಸದ ಡಬ್ಬಿ ಹಾಕಿಕೊಂಡ ಕೌಂಟ್ ಬಿನ್‌ಫೇಸ್ ಅನ್ನುವ ಅಭ್ಯರ್ಥಿಯೂ ನಿಂತಿದ್ದ. ಯಾರೂ ಅವನನ್ನು ಎಳೆದುಹಾಕಲಿಲ್ಲ. ಸುನಕ್ ತಮ್ಮ ಸೀಟು ಗೆದ್ದರು, ಅವರ ಪಕ್ಷ ಸೋತಿತು, ಮರುದಿನವೇ ಮನೆ ಖಾಲಿ. ನಮ್ಮಲ್ಲಿ ಸರ್ಕಾರಿ ಬಂಗಲೆ ಬಿಡಿಸಲು ಎಷ್ಟು ನೋಟಿಸು ಬೇಕು ಅಂತ ನೆನಪಾಯಿತು.

ಹೋದ ಬೇಸಿಗೆಯಲ್ಲಿ ಅವ್ವ ಬಂದಿದ್ದಳು. ಮೊದಲ ವಾರವೇ ಪಕ್ಕದ ಮನೆಯ ಅಜ್ಜಿಯನ್ನು ನೋಡಿ, 'ಪಾಪ, ಮಕ್ಕಳು ಇಲ್ಲೇನು?' ಅಂದಳು. ಇದ್ದಾರೆ, ಬೇರೆ ಊರಲ್ಲಿದ್ದಾರೆ, ಇಲ್ಲಿ ವಯಸ್ಸಾದವರು ಒಬ್ಬರೇ ಇರುವುದೇ ರೂಢಿ, ನಮ್ಮ ಹಾಗಲ್ಲ ಅಂತ ನಾನು ಉದ್ದಕ್ಕೆ ವಿವರಿಸಿದೆ. ಅವ್ವ 'ಹೂಂ' ಅಂದಳು. ಅಪ್ಪ ಹೋದ ಮೇಲೆ ಅವಳು ದಾವಣಗೆರೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ ಅನ್ನುವುದು ಆ ಹೂಂ ಕೇಳಿದ ಮೇಲೆ ನನ್ನ ತಲೆಗೆ ಹೋಯಿತು. ಆಮೇಲೆ ನಾನು ಆ ಭಾಷಣ ಮಾಡುವುದು ಬಿಟ್ಟಿದ್ದೇನೆ.

ಲಂಡನ್ನಿಗೆ ಕರೆದುಕೊಂಡು ಹೋಗಿ ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ತೋರಿಸಿದೆ. 2015ರ ನವೆಂಬರಿನಲ್ಲಿ ಅನಾವರಣವಾದದ್ದು, ನದಿಯ ಆಚೆ ಪಾರ್ಲಿಮೆಂಟು. ಅವ್ವ ಚಪ್ಪಲಿ ಬಿಟ್ಟು ಅಲ್ಲೇ ಫುಟ್‌ಪಾತಿನ ಮೇಲೆ ಬಗ್ಗಿ ನಮಸ್ಕಾರ ಮಾಡಿದಳು. ಓಡುತ್ತಾ ಬಂದ ಇಬ್ಬರು 'ಸಾರಿ' ಅನ್ನುತ್ತಾ ಸುತ್ತಿ ಬಳಸಿ ಹೋದರು, ತಿರುಗಿ ನೋಡಲಿಲ್ಲ.

ಲೀಡ್ಸ್‌ಗೆ ವಾಪಸ್ ಬಂದು ಸಿಟಿ ಬಸ್ ಹತ್ತಿದೆವು. ಇಲ್ಲಿ ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಹೇಳಿಕೊಡೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅವನ ಕಡೆ ತಿರುಗಿ, 'ಬರ್ತೀನಪಾ' ಅಂದಳು. ಅವನು 'ಸೀ ಯೂ, ಲವ್' ಅಂದ.

'ಏನಂದ?'

'ಹೋಗಿ ಬಾರವ್ವ ಅಂದ.'

'ಮತ್ತೆ? ಇದಕ್ಕ್ಯಾಕೆ ಕ್ಲಾಸು?' ಅಂದು ಸೆರಗು ಸರಿ ಮಾಡಿಕೊಂಡು ಮುಂದೆ ನಡೆದಳು.